ಮಣ್ಣಡಿ ಒಬ್ಬನೇ ಸಿಕ್ಕಿಬಿದ್ದ ಸೈನಿಕ, ಒಂದು ಗಂಟೆ ನಾಟಕ ನಿಲ್ಲುತ್ತಾ?

ಪ್ರಶ್ನೆ (ವಿರಾಜಪೇಟೆ):
ನಮ್ಮ ಕೊಡಗಲ್ಲಿ ಮಿಲಿಟರಿಯವರು ಇಲ್ಲದ ಊರೇ ಇಲ್ಲ, ಯುದ್ಧದ ನಾಟಕ ಅಂದ್ರೆ ಜನ ಬಂದೇ ಬರ್ತಾರೆ, ಆದ್ರೆ ಬಂದೋರಲ್ಲಿ ಅರ್ಧ ಜನ ಯೂನಿಫಾರ್ಮ್ ಹಾಕಿದೋರೇ, ಸುಳ್ಳು ತೋರ್ಸಿದ್ರೆ ತಕ್ಷಣ ಹಿಡೀತಾರೆ. ನಾನು ಬರೀತಿರೋದು ಮೊದಲನೇ ಮಹಾಯುದ್ಧದಲ್ಲಿ ಸುರಂಗ ತೋಡ್ತಿದ್ದ ಸೈನಿಕನ ಕಥೆ, ಮಣ್ಣು ಕುಸಿದು ಒಬ್ಬನೇ ಒಳಗೆ ಉಳೀತಾನೆ. ಅರ್ಧ ಗಂಟೆ ಆದ್ಮೇಲೆ ಏನು ಮಾಡ್ಸೋದು? ಮನೆ, ಅಮ್ಮ ಅಂತ ಫ್ಲ್ಯಾಶ್‌ಬ್ಯಾಕ್ ಹಾಕ್ಲಾ?

ಉತ್ತರ (ಮಡಿಕೇರಿ):
ದಯವಿಟ್ಟು ಹಾಕ್ಬೇಡಿ. ಸ್ಟೇಜ್ ಮೇಲೆ ಬೆಳಕು ಬಂದು ಮನೆ ಕಾಣ್ತು ಅಂದ್ರೆ ನೋಡೋರು ಸುರಂಗದಿಂದ ಹೊರಗೆ ಬಂದ್ಬಿಟ್ರು, ಮತ್ತೆ ಒಳಗೆ ಕಳ್ಸೋಕಾಗಲ್ಲ. ನಿಮ್ಮ ಹತ್ರ ಸದ್ದು ಇದೆಯಲ್ಲ! ಆ ಯುದ್ಧದಲ್ಲಿ ಬ್ರಿಟಿಷ್ ಕಡೆಯ ಸುರಂಗದವರು ಜೇಡಿಮಣ್ಣಲ್ಲಿ ಗುದ್ದಲಿ ಎತ್ತಿ ಹೊಡೀತಿರ್ಲಿಲ್ಲ, ಓರೆಯಾಗಿ ನಿಲ್ಸಿದ ಹಲಗೆಗೆ ಬೆನ್ನು ಕೊಟ್ಟು ಮಲಗಿ ಎರಡೂ ಕಾಲಲ್ಲಿ ಸಲಿಕೆ ಒತ್ತಿ ಮಣ್ಣು ಕೀಳೋದು, ಯಾಕಂದ್ರೆ ಆ ಕಡೆ ಜರ್ಮನ್ನರೂ ತೋಡ್ತಾ ಕಿವಿಗೊಟ್ಟು ಕೂತಿರ್ತಿದ್ರು. ನಿಮ್ಮ ಸೈನಿಕನಿಗೆ ಟಕ್ ಟಕ್ ಅಂತ ಕೇಳ್ಲಿ. ತನ್ನವರು ಹುಡುಕ್ತಿದ್ದಾರೋ, ವೈರಿಯೋ? ವಾಪಸ್ ತಟ್ಟೋದಾ ಬೇಡ್ವಾ? ಅಷ್ಟರಲ್ಲೇ ಇಪ್ಪತ್ತು ನಿಮಿಷ ಎಳೀಬಹುದು.

ಉತ್ತರ (ಸೋಮವಾರಪೇಟೆ, ಮಾಜಿ ಸೈನಿಕ):
ಮೇಲಿನವರು ಹೇಳಿದ್ದು ಸರಿ. ಸುರಂಗ ತೋಡ್ತಿದ್ದ ಬ್ರಿಟಿಷ್ ಸೈನಿಕ ವಿಲಿಯಂ ಹ್ಯಾಕೆಟ್ ಬಗ್ಗೆ ಓದ್ಕೊಳ್ಳಿ, 1916ರ ಜೂನ್‌ನಲ್ಲಿ ಫ್ರಾನ್ಸಿನ ಜಿವಾಂಶಿಯಲ್ಲಿ ಸುರಂಗ ಕುಸಿದು ಐದು ಜನ ಸಿಕ್ಕಿಬಿದ್ರು, ಮೂವರು ಹೊರಗೆ ಬಂದ್ರು, ಈತನಿಗೂ ದಾರಿ ಇತ್ತು, ಗಾಯ ಆದ ಜೊತೆಯವನನ್ನ ಬಿಟ್ಟು ಬರಲ್ಲ ಅಂತ ಅಲ್ಲೇ ಉಳಿದು ಸತ್ತ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ತು. ನಿಮ್ಮವನು ಯಾಕೆ ಒಬ್ಬನೇ ಉಳಿದ ಅನ್ನೋದಕ್ಕೆ ಇಂಥ ಕಾರಣ ಕೊಡಿ ತಮ್ಮಾ, ಬರೀ ದುರದೃಷ್ಟ ಅಂದ್ರೆ ಸಾಲಲ್ಲ. ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ 6 ದಿನ ಜೀವ ಹಿಡ್ಕೊಂಡಿದ್ರು, ಜೊತೆಗಿದ್ದ ಒಂಬತ್ತೂ ಜನ ಹೋಗಿದ್ರು. ಮೇಲೆ ಹುಡುಕೋರು ಕೈಬಿಡ್ಲಿಲ್ಲ, ಅದನ್ನ ಮರೀಬೇಡಿ.

ಉತ್ತರ (ಗೋಣಿಕೊಪ್ಪ):
ಕೈಗೆ ಕೆಲಸ ಕೊಡಿ. ಜಪಾನಿನ ಸೈನಿಕ ಶೋಯಿಚಿ ಯೊಕೊಯಿ ಎರಡನೇ ಮಹಾಯುದ್ಧ ಮುಗಿದ ಮೇಲೂ ಶರಣಾಗದೆ ಗುವಾಮ್ ದ್ವೀಪದ ಕಾಡಲ್ಲಿ ನೆಲ ತೋಡ್ಕೊಂಡು ಅಡಗಿದ್ದು 1972ರಲ್ಲಿ ಸಿಕ್ಕಿದ್ರು, ಮೊದಲು ದರ್ಜಿ ಆಗಿದ್ದೋರು, ಮರದ ನಾರಲ್ಲಿ ಬಟ್ಟೆ ನೇಯ್ದು ಹೊಲ್ಕೊಂಡಿದ್ರು. ನಿಮ್ಮವನು ಸೈನ್ಯಕ್ಕೆ ಮೊದಲು ಏನ್ ಮಾಡ್ತಿದ್ದ?

ಪ್ರಶ್ನೆ ಕೇಳಿದವರು:
ಬಡಗಿ ಅಂತ ಬರ್ದಿದ್ದೀನಿ! ಹಾಗಾದ್ರೆ ಕುಸಿದ ಮರದ ಚೌಕಟ್ಟನ್ನ ಕತ್ತಲಲ್ಲೇ ತಡವಿ ಮತ್ತೆ ಜೋಡಿಸ್ಲಿ. ಫ್ಲ್ಯಾಶ್‌ಬ್ಯಾಕ್ ತೆಗ್ದೆ.