ಶೂಬರ್ಟನ ಅಡಾಜಿಯೊದಲ್ಲಿ ಹಾಡುತ್ತಿರುವವರು ಯಾರು?

ಬಿಟ್ಟತಂತಿ:

ಇಪ್ಪತ್ತೆರಡು ವರ್ಷಗಳಿಂದ ಪಿಟೀಲು ನುಡಿಸುತ್ತಿದ್ದೇನೆ. ಕರ್ನಾಟಕ ಸಂಗೀತ ಮಾತ್ರ, ಅದರಲ್ಲೂ ಹೆಚ್ಚಾಗಿ ಪಕ್ಕವಾದ್ಯ. ಗಾಯಕರು ಹಾಡಿದ್ದನ್ನು ಕಿವಿಯಲ್ಲಿ ಹಿಡಿದು ಅರೆಕ್ಷಣದ ಹಿಂದೆಯೇ ಕಮಾನಿನಲ್ಲಿ ಹೇಳುವುದು ನನ್ನ ಕೆಲಸ. ಹಾಗಾಗಿ ಯಾವ ಸಂಗೀತ ಕೇಳಿದರೂ ಹಾಡುತ್ತಿರುವವರು ಯಾರೆಂದು ಕಿವಿ ಮೊದಲು ಹುಡುಕುತ್ತದೆ.

ಹೋದ ತಿಂಗಳು ನನ್ನ ಶಿಷ್ಯೆಯೊಬ್ಬಳು ಪಾಶ್ಚಾತ್ಯ ಸಂಗೀತಕಾರ ಶೂಬರ್ಟನ ಸಿ ಮೇಜರ್ ಸ್ಟ್ರಿಂಗ್ ಕ್ವಿಂಟೆಟ್, ಅಂದರೆ ಐದು ತಂತಿವಾದ್ಯಗಳ ಕೃತಿ, ಕೇಳಿಸಿದಳು. 1952ರಲ್ಲಿ ಫ್ರಾನ್ಸಿನ ಪ್ರಾದ್‌ನಲ್ಲಿ ಮಾಡಿದ ಧ್ವನಿಮುದ್ರಣ. ಪಿಟೀಲಿನಲ್ಲಿ ಐಸಾಕ್ ಸ್ಟರ್ನ್ ಮತ್ತು ಅಲೆಕ್ಸಾಂಡರ್ ಶ್ನೈಡರ್, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲದಲ್ಲಿ ಮಿಲ್ಟನ್ ಕೇಟಿಮ್ಸ್, ಇನ್ನೂ ದೊಡ್ಡದಾದ, ತಗ್ಗು ದನಿಯ ಚೆಲೊಗಳಲ್ಲಿ ಪಾಬ್ಲೊ ಕಸಾಲ್ಸ್ ಮತ್ತು ಪಾಲ್ ತೊರ್ತೆಲಿಯೆ. ಮೊದಲ ಭಾಗದಲ್ಲಿ ಎರಡು ಚೆಲೊಗಳು ಜೊತೆಯಾಗಿ ಒಂದು ರಾಗವನ್ನು ಎತ್ತಿಕೊಳ್ಳುತ್ತವಲ್ಲ, ಅಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಕುಳಿತೆ. ಆದರೆ ಎರಡನೆಯ ಭಾಗ, ನಿಧಾನಗತಿಯ ಆ ಅಡಾಜಿಯೊ, ನನಗೆ ಕೈಗೆ ಸಿಗುತ್ತಿಲ್ಲ. ಮೊದಲ ಪಿಟೀಲು ಎರಡು ಮೂರು ಸ್ವರ ನುಡಿದು ಸುಮ್ಮನಾಗುತ್ತದೆ. ಕೆಳಗೆ ಯಾರೋ ತಂತಿ ಮೀಟುತ್ತಾರೆ. ನಡುವಿನವರು ಕಮಾನು ಎಳೆಯುತ್ತಲೇ ಇರುತ್ತಾರೆ. ನಾಲ್ಕೈದು ನಿಮಿಷ ಹೀಗೆಯೇ. ಆರು ಸಲ ಕೇಳಿದ್ದೇನೆ. ಕಿವಿಯನ್ನು ಎಲ್ಲಿ ಇಡಬೇಕು?

ಇನ್ನೊಂದು ವಿಷಯ: ಅಲ್ಲಲ್ಲಿ ಮನುಷ್ಯರ ನರಳಿಕೆಯಂಥ ದನಿ ಕೇಳುತ್ತದೆ. ನನ್ನ ಬಳಿ ಇರುವ ಪ್ರತಿಯ ದೋಷವೇ?

ಎರಡನೇ ಚೆಲೊ:

ನಮಸ್ಕಾರ. ನಾನು ಹವ್ಯಾಸಿ ಚೆಲೊ ವಾದಕಿ, ಈ ಕೃತಿಯ ಎರಡನೆಯ ಚೆಲೊ ಭಾಗವನ್ನು ಗೆಳೆಯರೊಂದಿಗೆ ಒಂದು ಚಳಿಗಾಲವಿಡೀ ಅಭ್ಯಾಸ ಮಾಡಿದ್ದೇನೆ. ನೀವು ಕೇಳಿದ ಆ ಮೀಟು ನನ್ನದು!

ನೀವು ಮೊದಲ ಪಿಟೀಲನ್ನು ಗಾಯಕ ಎಂದುಕೊಂಡು ಹಿಂಬಾಲಿಸುತ್ತಿದ್ದೀರಿ ಎಂದು ತೋರುತ್ತದೆ. ಇಲ್ಲಿ ಹಾಡು ಇರುವುದು ನಡುವಿನ ಮೂವರಲ್ಲಿ: ಎರಡನೆಯ ಪಿಟೀಲು, ವಿಯೋಲ, ಮೊದಲ ಚೆಲೊ. ಆ ಮೂರೂ ಒಂದೇ ಉಸಿರಿನಲ್ಲಿ ಉದ್ದದ ಸ್ವರಗಳನ್ನು ಎಳೆಯುತ್ತವೆ. ಕಮಾನು ತಂತಿಯ ಮೇಲೆ ಎಷ್ಟು ನಿಧಾನವಾಗಿ ಸರಿಯಬೇಕೆಂದರೆ, ನಮ್ಮ ವಿಯೋಲ ವಾದಕರ ಮೊಣಕೈ ನಡುಗುವುದನ್ನು ನಾನು ಎದುರಿನಿಂದ ನೋಡುತ್ತಿದ್ದೆ. ಮೊದಲ ಪಿಟೀಲು ಆ ಹಾಡನ್ನು ಕೇಳುತ್ತಾ ನಡುನಡುವೆ ಒಂದು ಮಾತು ಹೇಳುವವರ ಹಾಗೆ. ಅಂದರೆ ನಿಮ್ಮ ಪಕ್ಕವಾದ್ಯದ ಜಾಗದಲ್ಲಿ ಕುಳಿತಿರುವುದು ಅದೇ. ಒಮ್ಮೆ ಆ ಪಿಟೀಲನ್ನು ಬಿಟ್ಟು ಬರೀ ವಿಯೋಲವನ್ನು ಹಿಡಿದು ಕೇಳಿ.

ಆಮೇಲೆ ಶಾಂತಿ ಮುರಿಯುವ ಜಾಗ ಬರುತ್ತದೆ. ಅಲ್ಲಿಯವರೆಗೆ ಆಧಾರ ಇ ಸ್ವರದ ಮೇಲಿತ್ತು. ಅದರ ಮೇಲೆಯೇ ಒಂದು ಕಂಪನ ಏರುತ್ತದೆ, ತಟ್ಟನೆ ಇಡೀ ಸಂಗೀತ ಅರ್ಧ ಸ್ವರ ಮೇಲಿನ ಎಫ್ ಮೈನರ್‌ಗೆ ಜಾರುತ್ತದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜವೇ ಶುದ್ಧ ರಿಷಭಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ಅಲ್ಲಿಂದ ಮೊದಲ ಪಿಟೀಲು ಮತ್ತು ಮೊದಲ ಚೆಲೊ ಎತ್ತಿದ ದನಿಯಲ್ಲಿ ಹಾಡುತ್ತವೆ.

ಹಳೆಯ ತಟ್ಟೆ:

ನರಳಿಕೆ ಪ್ರತಿಯ ದೋಷವಲ್ಲ. ಅದು ಕಸಾಲ್ಸ್. ನುಡಿಸುವಾಗ ಅವರು ಹೀಗೆ ದನಿ ಹೊರಡಿಸುತ್ತಿದ್ದರು, ಪ್ರಾದ್‌ನ ಬೇರೆ ಮುದ್ರಣಗಳಲ್ಲಿಯೂ ಇದು ಕೇಳುತ್ತದೆ. ಆಗ ಅವರಿಗೆ 75 ವರ್ಷ. ಸರ್ವಾಧಿಕಾರಿ ಫ್ರಾಂಕೊನ ಸ್ಪೇನಿಗೆ ಹಿಂತಿರುಗುವುದಿಲ್ಲವೆಂದು ಗಡಿಯ ಈಚೆಗಿನ ಆ ಪುಟ್ಟ ಊರಿನಲ್ಲಿ ನೆಲೆಸಿದ್ದರು, ಸಾರ್ವಜನಿಕವಾಗಿ ನುಡಿಸುವುದನ್ನೇ ನಿಲ್ಲಿಸಿದ್ದರು. 1950ರಲ್ಲಿ, ಸಂಗೀತಕಾರ ಬಾಖ್ ತೀರಿಕೊಂಡು ಇನ್ನೂರು ವರ್ಷ ತುಂಬಿದಾಗ, ಶ್ನೈಡರ್ ಮುಂದೆ ನಿಂತು ಅಲ್ಲಿಗೇ ಸಂಗೀತಗಾರರನ್ನು ಕರೆತಂದು ಉತ್ಸವ ನಡೆಸಿದರು. ನಿಮ್ಮ ಮುದ್ರಣದಲ್ಲಿ ಎರಡನೆಯ ಪಿಟೀಲು ಅದೇ ಶ್ನೈಡರ್ ಅವರದು. ಇದನ್ನು ತಿಳಿದ ಮೇಲೆ ಆ ದನಿಯನ್ನು ಅಳಿಸಿಹಾಕಿದ ಪ್ರತಿ ಯಾರಾದರೂ ಕೊಟ್ಟರೂ ನನಗೆ ಬೇಡ.

ಆದರೆ ಹೊಸಬರಿಗೆ ಒಳದನಿಗಳು ಬಿಡಿಬಿಡಿಯಾಗಿ ಕೇಳಬೇಕಾದರೆ ಪ್ರಾದ್ ಮುದ್ರಣವೊಂದೇ ಸಾಲದು, ಅದು ಎಲ್ಲ ದನಿಗಳೂ ಒಂದೇ ಕಡೆಯಿಂದ ಕೇಳುವ ಮೋನೊ ಮುದ್ರಣ. ಆಲ್ಬನ್ ಬರ್ಗ್ ಕ್ವಾರ್ಟೆಟ್ ಎಂಬ ನಾಲ್ವರ ತಂಡ ಚೆಲೊ ವಾದಕ ಹೈನ್‌ರಿಖ್ ಶಿಫ್ ಜೊತೆ ನುಡಿಸಿದ ಮುದ್ರಣವನ್ನು ಇಯರ್‌ಫೋನಿನಲ್ಲಿ ಕೇಳಿ. ವಿಯೋಲ ಎಲ್ಲಿ ಕುಳಿತಿದೆ ಎಂದು ಬೆರಳಿಟ್ಟು ತೋರಿಸಬಹುದು. ಆಮೇಲೆ ಪ್ರಾದ್‌ಗೆ ಮರಳಿ.

ಶೂಬರ್ಟ್ ತನ್ನ ಈ ಕೃತಿಯನ್ನು ಕೇಳಿದನೋ ಇಲ್ಲವೋ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ. 1828ರ ಅಕ್ಟೋಬರಿನಲ್ಲಿ ಪ್ರಕಾಶಕರೊಬ್ಬರಿಗೆ ಪತ್ರ ಬರೆದು, ಕ್ವಿಂಟೆಟ್ ಮುಗಿಸಿದ್ದೇನೆ, ಸದ್ಯದಲ್ಲೇ ನುಡಿಸಿ ನೋಡಲಿದ್ದೇವೆ ಎಂದು ತಿಳಿಸಿದ್ದ. ನವೆಂಬರ್ 19ರಂದು ತೀರಿಕೊಂಡ, 31ರ ವಯಸ್ಸಿಗೆ. ವಿಯೆನ್ನಾದ ಸಭೆಯಲ್ಲಿ ಇದು ಮೊದಲು ಕೇಳಿಬಂದದ್ದು 1850ರಲ್ಲಿ, ಅಚ್ಚಾದದ್ದು 1853ರಲ್ಲಿ. ಅವನ ಕೈಬರಹದ ಪ್ರತಿ ಉಳಿದಿಲ್ಲ.

ಬಿಟ್ಟತಂತಿ:

ಇಬ್ಬರಿಗೂ ವಂದನೆಗಳು. ನಿನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫ್ಯಾನ್ ಆರಿಸಿ, ನೀವು ಹೇಳಿದ ಕ್ರಮದಲ್ಲೇ ಕೇಳಿದೆ.

ಮೊದಲು ವಿಯೋಲ. ಎರಡನೆಯ ನಿಮಿಷದ ಹೊತ್ತಿಗೆ ನನಗೆ ತಿಳಿಯದೆಯೇ ಬಲಗೈ ಕಮಾನು ಹಿಡಿದಂತೆ ಗಾಳಿಯಲ್ಲಿ ಸರಿಯುತ್ತಿತ್ತು. ಇಷ್ಟು ದಿನ ನಾನು ಗಾಯಕನನ್ನು ಬಿಟ್ಟು ನನ್ನಂಥ ಪಕ್ಕವಾದ್ಯದವನನ್ನೇ ಹಿಂಬಾಲಿಸಿದ್ದೆ ಎಂಬುದು ಅರ್ಥವಾಗಿ ಕಣ್ಣು ತುಂಬಿತು. ಮೊದಲ ಪಿಟೀಲು ಎಷ್ಟು ಸಂಯಮದಿಂದ ಕಾಯುತ್ತದೆ! ಕಛೇರಿಯಲ್ಲಿ ನಾನು ಎಷ್ಟೋ ಸಲ ಹೀಗೆ ಕಾಯದೆ ತುಂಬಿಸಿಬಿಟ್ಟಿದ್ದೇನೆ.

ಆಮೇಲೆ ಪ್ರಾದ್ ಹಾಕಿದೆ. ಎಫ್‌ಗೆ ಜಾರುವ ಜಾಗ ಈ ಸಲ ಮೈಮೇಲೆ ಬಂತು. ನಿಲ್ಲಿಸಲು ಮನಸ್ಸಾಗದೆ ಕೊನೆಯ ಭಾಗದವರೆಗೂ ಕುಳಿತೆ. ಕಟ್ಟಕಡೆಗೆ ಎಲ್ಲರೂ ಸೇರಿ ಡಿ ಫ್ಲ್ಯಾಟ್ ಸ್ವರವನ್ನು ಸಿ ಸ್ವರದ ನೆತ್ತಿಯ ಮೇಲೆ ಒತ್ತಿ ಇಳಿಸುತ್ತಾರೆ, ಸಿ ಷಡ್ಜವಾದರೆ ಅದು ಶುದ್ಧ ರಿಷಭ. ಸಾಮಾನ್ಯವಾಗಿ ಮುಗಿತಾಯ ಎಂದರೆ ಇರುವ ನೆಮ್ಮದಿ ಅಲ್ಲಿಲ್ಲ, ಒಂದು ಗಾಯದ ಗುರುತಿದೆ. ಎರಡನೇ ಚೆಲೊ ಅವರೇ, ಅಡಾಜಿಯೊದಲ್ಲಿ ನೀವು ತೋರಿಸಿದ ಅದೇ ಅರ್ಧ ಸ್ವರವಲ್ಲವೇ ಇದು?

ಏಳನೆಯ ವಯಸ್ಸಿನಲ್ಲಿ ಮಾಯಾಮಾಳವಗೌಳ ರಾಗದಲ್ಲಿ ಸರಳೆಯ ಮೊದಲ ಪಾಠ ಕಲಿಯುವಾಗ ನಮ್ಮ ಗುರುಗಳು ಆ ರಿಷಭದ ಮೇಲೆ ನನ್ನ ಬೆರಳನ್ನು ತಾವೇ ಹಿಡಿದು ಒತ್ತುತ್ತಿದ್ದರು, ಷಡ್ಜಕ್ಕೆ ತಾಗುವಷ್ಟು ಹತ್ತಿರ. ಇಂದು ಬೆಳಗ್ಗೆ ಶಿಷ್ಯೆ ಬಂದಾಗ ವರ್ಣ ಆಮೇಲೆ ಎಂದು ಹೇಳಿ, ಇಬ್ಬರೂ ಆ ಎರಡೇ ಸ್ವರಗಳನ್ನು ಅರ್ಧ ಗಂಟೆ ನುಡಿಸಿದೆವು.