‘ಎದೆಬಡಿತದ ಏರುಪೇರು’: ಯಾವುದಕ್ಕೆ ಯಾವ ಪದ?

ಪ್ರಶ್ನೆ: ಕೊಡಗಿನ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಹಂಚಲಿರುವ ಕರಪತ್ರದಲ್ಲಿ ‘ಕಾಯಿಲೆ ಹಳೆಯದಾದಂತೆ ಎದೆಬಡಿತದ ಏರುಪೇರು ಕಡಿಮೆಯಾಗುತ್ತದೆ’ ಎಂದಿದೆ. ಕೆಳಗೇ ‘ಎದೆಬಡಿತದಲ್ಲಿ ಏರುಪೇರಾದರೆ ಮಡಿಕೇರಿಗೆ ಹೋಗಿ ಇಸಿಜಿ ಮಾಡಿಸಿ’ ಎಂದೂ ಇದೆ. ಮೊದಲನೆಯದು ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಬಡಿತಗಳ ನಡುವಿನ ಅಂತರದ ಸಹಜ ಬದಲಾವಣೆ; ಎರಡನೆಯದು ಅರಿದ್ಮಿಯಾ, ಅಂದರೆ ಬಡಿತದ ಲಯವೇ ಕೆಡುವುದು. ‘ಹೃದಯಬಡಿತ ವ್ಯತ್ಯಯಶೀಲತೆ’ ಅಂತ ಬರೆದರೆ ಸರಿಹೋದೀತೆ?

ಉತ್ತರ: ಅದು ಬೇಡ, ಯಾರ ಬಾಯಲ್ಲೂ ನಿಲ್ಲುವುದಿಲ್ಲ. ‘ಏರುಪೇರು’ ಎಂಬುದನ್ನೂ ಎರಡೂ ಕಡೆಯಿಂದ ತೆಗೆಯಿರಿ. ಆರೋಗ್ಯದಲ್ಲಿ ಏರುಪೇರು ಎಂದರೆ ಏನೋ ಕೆಟ್ಟಿದೆ ಎಂದೇ ಜನ ತಿಳಿಯುವುದು. ಅದು ಕಡಿಮೆಯಾಗುತ್ತದೆ ಎಂದು ಓದಿದವರು ನೆಮ್ಮದಿಯಿಂದ ಮನೆಯಲ್ಲೇ ಉಳಿದುಬಿಡುತ್ತಾರೆ.

ಮೊದಲನೆಯದಕ್ಕೆ ನನ್ನ ಸೂಚನೆ ‘ಬಡಿತದಂತರದ ಹಿಗ್ಗುಕುಗ್ಗು’. ನಾಡಿ ನಿಮಿಷಕ್ಕೆ 60 ಇದ್ದರೂ ಎರಡು ಬಡಿತಗಳ ನಡುವಿನ ಅಂತರ ಪ್ರತಿಸಲವೂ 1000 ಮಿಲಿಸೆಕೆಂಡ್ ಇರುವುದಿಲ್ಲ. ಒಮ್ಮೆ 940, ಒಮ್ಮೆ 1050. ಉಸಿರು ಎಳೆದಾಗ ಅಂತರ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಇದನ್ನು ನಡೆಸುವುದು ಮುಖ್ಯವಾಗಿ ಮಿದುಳಿನಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರ. ಅದು ಬಹಳ ಉದ್ದದ ನರ, ಸಕ್ಕರೆಯ ಪೆಟ್ಟು ಅದಕ್ಕೆ ಬೇಗ ಬೀಳುತ್ತದೆ. ಆಮೇಲೆ ಬಡಿತ ಗಡಿಯಾರದಂತೆ ಒಂದೇ ಸಮ. ಸುಮ್ಮನೆ ಕೂತಿದ್ದರೂ ನಾಡಿ 90, 100ರಲ್ಲೇ ನಿಂತಿರುತ್ತದೆ.

ಅಳೆಯುವ ಬಗೆಯನ್ನೂ ಕರಪತ್ರದಲ್ಲಿ ಸೇರಿಸಿ. ಇಸಿಜಿ ಹಚ್ಚಿಕೊಂಡು ಮಲಗಿ, 5 ಸೆಕೆಂಡ್ ಎಳೆದು 5 ಸೆಕೆಂಡ್ ಬಿಡುತ್ತ ನಿಮಿಷಕ್ಕೆ 6 ಉಸಿರು. ಅತಿ ವೇಗದ ಬಡಿತಕ್ಕೂ ಅತಿ ನಿಧಾನದ್ದಕ್ಕೂ ನಿಮಿಷಕ್ಕೆ 15 ಅಥವಾ ಹೆಚ್ಚು ವ್ಯತ್ಯಾಸವಿದ್ದರೆ ಸರಿ, 10 ಅಥವಾ ಕಡಿಮೆ ಇದ್ದರೆ ನರ ಸೋತಿದೆ. ವಯಸ್ಸಾದಂತೆ ಈ ಸಂಖ್ಯೆ ತಾನಾಗಿಯೂ ಇಳಿಯುತ್ತದೆ, ಹಿರಿಯರನ್ನು ಇದೊಂದರಿಂದಲೇ ಅಳೆಯಬಾರದು. ಅಂದು ಬೆಳಿಗ್ಗೆ ಕಾಫಿ, ಬೀಡಿ ಬೇಡ. ಕಾಫಿ ಕುಡಿಯದೆ ಯಾರೂ ಮನೆ ಬಿಡದ ಜಿಲ್ಲೆಯಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿ. ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆಯೂ ಫಲಿತಾಂಶ ಬದಲಿಸುತ್ತದೆ, ಆದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಅರಿದ್ಮಿಯಾಕ್ಕೆ ‘ತಾಳ ತಪ್ಪಿದ ಬಡಿತ’ ಸಾಕು. ಇಲ್ಲಿ ಅಂತರಕ್ಕೆ ಉಸಿರಿನ ಲೆಕ್ಕವೇ ಇರುವುದಿಲ್ಲ. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಂತೂ ಯಾವ ಬಡಿತ ಯಾವಾಗ ಬರುತ್ತದೆಂದು ಹೇಳಲಾಗದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿನ ಅಪಾಯವೂ ಉಂಟು. ಆಗ ಸ್ಮಾರ್ಟ್ ಕೈಗಡಿಯಾರ ತೋರಿಸುವ ಹಿಗ್ಗುಕುಗ್ಗಿನ ಅಂಕಿ ಏರುತ್ತದೆ. ಅದನ್ನು ಒಳ್ಳೆಯ ಅಂಕಿ ಎಂದು ಓದುವುದೇ ದೊಡ್ಡ ತಪ್ಪು. ಅದಕ್ಕೇ ಲೆಕ್ಕ ಹಾಕುವ ಮೊದಲು ತಾಳ ತಪ್ಪಿದ ಬಡಿತಗಳನ್ನು ತೆಗೆದುಹಾಕುತ್ತಾರೆ. ನಾಡಿ ಹಿಡಿಯುವವರು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸದೆ ಪೂರಾ ಒಂದು ನಿಮಿಷ ಎಣಿಸಲಿ.

ಶುಗರ್ ಇಳಿದಾಗ ಬೆವರಿ, ಕೈ ನಡುಗಿ, ಎದೆ ಡವಡವ ಹೊಡೆದುಕೊಳ್ಳುವುದು ಮೂರನೆಯದು. ಅದಕ್ಕೆ ‘ಎದೆ ಹೊಡೆದುಕೊಳ್ಳುವುದು’ ಎಂದೇ ಬರೆದು, ಪಕ್ಕದಲ್ಲಿ ‘ಮೊದಲು ಶುಗರ್ ನೋಡಿ’ ಎಂದು ಸೇರಿಸಿ.