ಊರಿನ 17 ಸಾವಿರವೋ, ಪೀಣ್ಯದ 26 ಸಾವಿರವೋ? ಹೋಗಿ ಬದುಕಿದವರು ಹೇಳಿ

ರಾಣೆಬೆನ್ನೂರಿನಿಂದ ಪ್ರಶ್ನೆ:

ನಮ್ಮ ಮನೆಯವರು ಐ.ಟಿ.ಐ. ಮಾಡಿದವರು. ಹರಿಹರದ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಲೇತ್, ಸಿ.ಎನ್.ಸಿ. (ಕಂಪ್ಯೂಟರಿನಿಂದ ನಡೆಯುವ ಲೋಹ ಕತ್ತರಿಸುವ ಯಂತ್ರ) ಎರಡನ್ನೂ ನಡೆಸುತ್ತಾರೆ. ಕೈಗೆ 17 ಸಾವಿರ ಬರುತ್ತದೆ. ಮಾವನವರೂ ಹರಿಹರದಲ್ಲೇ ಟರ್ನರ್ ಆಗಿದ್ದವರು. ಅವರ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ಗೆಳೆಯರೊಬ್ಬರು ‘26 ಸಾವಿರದ ಕೆಲಸ ಇದೆ, ಬಾ’ ಎಂದು ಕರೆಯುತ್ತಿದ್ದಾರೆ. ನಾನು ಬೀಜೋತ್ಪಾದನೆಯ ಹೊಲಗಳಿಗೆ ಕ್ರಾಸಿಂಗ್ (ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ) ಕೆಲಸಕ್ಕೆ ಹೋಗುತ್ತೇನೆ, ಅದೂ ಹಂಗಾಮಿನಲ್ಲಿ ಮಾತ್ರ. ಹೊಲಿಗೆ ಬರುತ್ತದೆ. ಮಗಳು ಸರಕಾರಿ ಶಾಲೆಯಲ್ಲಿ ಎರಡನೇ ತರಗತಿ. ಸ್ವಂತ ಮನೆ ಇದೆ. ಅತ್ತೆಗೆ ಸಕ್ಕರೆ ಕಾಯಿಲೆ, ನಮ್ಮ ಜೊತೆಗೇ ಇದ್ದಾರೆ. ತಿಂಗಳಿಗೆ ಒಂಬತ್ತು ಸಾವಿರ ಹೆಚ್ಚು ಎನ್ನುವುದು ನಮಗೆ ಸಣ್ಣ ಮಾತಲ್ಲ. ಆದರೆ ಆ ಒಂಬತ್ತು ಸಾವಿರ ಕೊನೆಗೆ ನಮ್ಮ ಕೈಯಲ್ಲಿ ಉಳಿಯುತ್ತದೆಯೇ?

ಲಗ್ಗೆರೆಯಿಂದ, ವಿ.ಎಂ.ಸಿ. ಸೆಟ್ಟರ್ (ಸಿ.ಎನ್.ಸಿ. ಮಿಲ್ಲಿಂಗ್ ಮಷೀನನ್ನು ಕೆಲಸಕ್ಕೆ ಹೊಂದಿಸುವವರು):

ತಂಗಿ, ನಾನು ಹಿರೇಕೆರೂರಿನ ಕಡೆಯವನು. 2013ರಲ್ಲಿ ಪೀಣ್ಯ ಎರಡನೇ ಹಂತಕ್ಕೆ ಬಂದೆ. ಮೊದಲು ಆ 26 ಸಾವಿರವನ್ನು ಬಿಡಿಸಿ ನೋಡಿ. ಕಂಪನಿಯ ರೋಲ್‌ನಲ್ಲೋ, ಕಂಟ್ರಾಕ್ಟರ್ ಕೈಕೆಳಗೋ? ಎಂಟು ಗಂಟೆಗೋ, ಹನ್ನೆರಡು ಗಂಟೆಗೋ? ನಾನು ಬಂದಾಗ ಬಾಯಿಮಾತಿನಲ್ಲಿ ಹೇಳಿದ್ದು 14 ಸಾವಿರ, ಕೈಗೆ ಬಂದದ್ದು ಹತ್ತೂವರೆಯ ಆಸುಪಾಸು. ಪಿ.ಎಫ್.ನಲ್ಲಿ ನನ್ನ ಪಾಲಿನ ಶೇಕಡಾ 12ನ್ನೂ ಮಾಲೀಕರು ಹಾಕಬೇಕಾದ 12ನ್ನೂ ಕಂಟ್ರಾಕ್ಟರ್ ನನ್ನ ಸಂಬಳದಲ್ಲೇ ಹಿಡಿಯುತ್ತಿದ್ದ. ಹಾಗೆ ಹಿಡಿಯುವಂತಿಲ್ಲ ಎಂದು ಗೊತ್ತಾಗುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು.

ಇನ್ನು ಮನೆ. ಒಂದು ಕೋಣೆ, ಒಂದು ಹಾಲ್, ನಿಂತು ತಿರುಗುವಷ್ಟು ಅಡುಗೆಮನೆ: ನಾನು ಕೊಡುವುದು 8,500. ಅಡ್ವಾನ್ಸ್ 80 ಸಾವಿರ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ನಮ್ಮ ಬೀದಿಯ ಮಾಲೀಕರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ನಿಮಗೆ ಊರಲ್ಲಿ ಸ್ವಂತ ಮನೆ ಇದೆ. ಅಂದರೆ ಹೆಚ್ಚಿಗೆ ಬರುವ ಒಂಬತ್ತು ಸಾವಿರದಲ್ಲಿ ಎಂಟೂವರೆ ಮೊದಲ ವಾರವೇ ಮಾಲೀಕರ ಕೈಸೇರುತ್ತದೆ.

ಹಾಗಾದರೆ ನಾನೇಕೆ ಇಲ್ಲಿ ಇದ್ದೇನೆ ಎಂದು ಕೇಳುತ್ತೀರಿ. ಮೂರನೇ ವರ್ಷ ಶಿಫ್ಟ್ ಮುಗಿಸಿ ರಾಜಾಜಿನಗರದ ಜಿ.ಟಿ.ಟಿ.ಸಿ. ಎಂಬ ಸರಕಾರಿ ತರಬೇತಿ ಕೇಂದ್ರಕ್ಕೆ ಹೋಗಿ ಪ್ರೋಗ್ರಾಮಿಂಗ್ ಕಲಿತೆ. ಪಕ್ಕದ ಶೆಡ್‌ನಲ್ಲಿ ಒಬ್ಬರು ವಿಮಾನದ ಬಿಡಿಭಾಗ ಮಾಡುತ್ತಿದ್ದರು, ಸೆಟ್ಟರ್ ಬೇಕಾಗಿತ್ತು. ಅಲ್ಲಿಗೆ ಹೋದೆ, ಅಲ್ಲಿಂದ ಇನ್ನೊಂದು ಕಡೆ. ಈಗ 41 ಸಾವಿರ, ಕಂಪನಿಯ ರೋಲ್. ಒಂದು ಕೆಲಸ ಬಿಟ್ಟರೆ ನಡೆದು ಹೋಗುವ ದೂರದಲ್ಲೇ ಇನ್ನೊಂದು ಸಿಗುತ್ತದೆ, ಪೀಣ್ಯದ ದೊಡ್ಡಸ್ತಿಕೆ ಅದು. ನಮ್ಮ ಊರ ಕಡೆ ಕೆಲಸ ಬಿಟ್ಟವನು ಬೇರೆ ಊರನ್ನೇ ಹುಡುಕಬೇಕು. ಆದರೆ ಗಮನಿಸಿ: ಆಗ ನಾನು ಒಬ್ಬನೇ, ಕಾರ್ಖಾನೆಯಿಂದ ಹತ್ತು ನಿಮಿಷದ ರೂಮು, ಎಂಟು ಗಂಟೆಯ ಶಿಫ್ಟ್. ಸಂಜೆ ನನ್ನದಾಗಿತ್ತು. ನನ್ನ ಜೊತೆ ಬಂದವರಲ್ಲಿ ಹನ್ನೆರಡು ಗಂಟೆಯ ಡ್ಯೂಟಿ ಹಿಡಿದವರು ನನಗಿಂತ ಮೊದಲು ಬೈಕ್ ತೆಗೆದುಕೊಂಡರು. ಇವತ್ತಿಗೂ ಅದೇ ಮಷೀನಿನ ಮುಂದೆ ನಿಂತಿದ್ದಾರೆ.

ಚೊಕ್ಕಸಂದ್ರದಿಂದ, ಗಾರ್ಮೆಂಟ್ಸ್ ಟೈಲರ್:

ಅಕ್ಕ, ಹೊಲಿಗೆ ಬರುತ್ತದೆ ಎಂದಿದ್ದೀರಿ. ಮನೆಯ ಮಷೀನಿನಲ್ಲಿ ಒಂದು ರವಿಕೆಯನ್ನು ಪೂರ್ತಿ ಹೊಲಿಯುವುದು ಬೇರೆ. ಇಲ್ಲಿ ಒಬ್ಬಳಿಗೆ ದಿನವಿಡೀ ಕಾಲರ್, ಇನ್ನೊಬ್ಬಳಿಗೆ ಜೇಬು. ನಾನು ಏಳು ವರ್ಷ ಎಡಗೈ ಕಫ್ ಹೊಲಿದಿದ್ದೇನೆ; ಪೂರ್ತಿ ಅಂಗಿ ಹೊಲಿ ಎಂದರೆ ಈಗಲೂ ತಡಕಾಡುತ್ತೇನೆ. ಗಂಟೆಗೆ ಇಷ್ಟು ಪೀಸ್ ಎಂದು ಲೈನಿನ ತುದಿಯ ಬೋರ್ಡಿನಲ್ಲಿ ಬರೆಯುತ್ತಾರೆ. ಎದ್ದು ಹೋದರೆ ಪೀಸ್ ಕಡಿಮೆಯಾಗುತ್ತದೆ ಎಂದು ಮಧ್ಯಾಹ್ನದವರೆಗೆ ನೀರು ಕುಡಿಯದ ಹೆಂಗಸರು ನಮ್ಮ ಲೈನಿನಲ್ಲೇ ಹತ್ತು ಜನ ಸಿಗುತ್ತಾರೆ.

ಬೇಡ ಎನ್ನುತ್ತಿಲ್ಲ. ಹಂಗಾಮಿನ ಕೂಲಿಗಿಂತ ತಿಂಗಳು ತಿಂಗಳು ಬರುವ ಹಣ ದೊಡ್ಡದು, ಪಿ.ಎಫ್. ಇದೆ. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ನಾವೆಲ್ಲ ಮಷೀನು ಬಿಟ್ಟು ರಸ್ತೆಗೆ ಇಳಿದಿದ್ದು ನಿಮಗೂ ನೆನಪಿರಬಹುದು. ಎರಡೇ ದಿನದಲ್ಲಿ ಸರಕಾರ ಹಿಂದೆ ಸರಿಯಿತು. ಮಗಳ ಮದುವೆ, ಊರಿನ ಮನೆಯ ತಾರಸಿ ಎಲ್ಲ ಆ ಹಣದಲ್ಲೇ ಆಗಬೇಕು. ನಮ್ಮಲ್ಲಿ ಎಷ್ಟು ಜನ 58ರವರೆಗೆ ಲೈನಿನಲ್ಲಿ ಕೂರುತ್ತಾರೆ?

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತವಾದ ಮೇಲೆ ಒಂದು ಬದಲಾವಣೆ ಆಗಿದೆ. ಮೊದಲು ಬಸ್ ಚಾರ್ಜಿಗೆ ಹೆದರಿ ನಡೆದು ಹೋಗುವ ದೂರದಲ್ಲಿದ್ದ ಫ್ಯಾಕ್ಟರಿಯನ್ನೇ ಹಿಡಿಯುತ್ತಿದ್ದೆವು. ಈಗ ಇನ್ನೂರು ರೂಪಾಯಿ ಹೆಚ್ಚು ಕೊಡುವ ಕಡೆ ಎರಡು ಬಸ್ ಬದಲಿಸಿಯಾದರೂ ಹೋಗುತ್ತೇವೆ. ನಿಮ್ಮ ಮಗಳು ಶಾಲೆಯಿಂದ ಬಂದು ಸಂಜೆ ಯಾರ ಹತ್ತಿರ ಇರುತ್ತಾಳೆ ಎನ್ನುವುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಅತ್ತೆಯನ್ನು ಕರೆತಂದರೆ ನಿಮಗೆ ಕೆಲಸ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಜಾಲಹಳ್ಳಿಯಿಂದ, ನಿವೃತ್ತರು:

ನಮ್ಮ ತಂದೆ ಎಚ್.ಎಂ.ಟಿ.ಯಲ್ಲಿ ಟರ್ನರ್. ನಿಮ್ಮ ಯಜಮಾನರದೇ ಕೆಲಸ ತಾಯಿ, ಅದೇ ಲೇತ್. ಹಾಸನದ ಹಳ್ಳಿಯಿಂದ ಒಂದು ಟ್ರಂಕ್ ಹಿಡಿದು ಬಂದವರಿಗೆ ಕ್ವಾರ್ಟರ್ಸ್ ಸಿಕ್ಕಿತು, ಕ್ಯಾಂಟೀನಿನ ಊಟ ಸಿಕ್ಕಿತು, ನಮಗೆ ಶಾಲೆ ಸಿಕ್ಕಿತು. ನಾನು ಎಂಜಿನಿಯರ್ ಆದೆ. ಎಚ್.ಎ.ಎಲ್., ಐ.ಟಿ.ಐ. (ದೂರವಾಣಿ ಕಾರ್ಖಾನೆ), ಬಿ.ಇ.ಎಲ್. ಎಂಬ ಸರಕಾರಿ ಕಾರ್ಖಾನೆಗಳ ಸುತ್ತ ಬೆಳೆದ ನನ್ನ ವಾರಿಗೆಯವರಲ್ಲಿ ಬಹಳ ಜನರ ಕಥೆ ಇದೇ. ಒಂದೇ ತಲೆಮಾರಿನಲ್ಲಿ ಏಣಿ ಹತ್ತಿದ್ದು ನಮ್ಮ ಬುದ್ಧಿವಂತಿಕೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ನಮ್ಮ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಪೀಣ್ಯದ ಹುಡುಗರು ಐದು ಜನ ಬಾಡಿಗೆಗಿದ್ದಾರೆ. ಅವರು ಮಾಡುವ ಕೆಲಸದ ಸೂಕ್ಷ್ಮತೆ ತಂದೆಯವರ ಕಾಲದ್ದಕ್ಕಿಂತ ಹೆಚ್ಚು. ಆದರೆ ಮನೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಅವರೇ ಕೊಳ್ಳಬೇಕು. ಹೌದು, ಬಾಡಿಗೆ ವಸೂಲಿ ಮಾಡುವವನು ನಾನೇ, ಬೈಯುವವರು ಬೈಯಬಹುದು.

ಒಂದು ಉಪಯುಕ್ತ ವಿಷಯ ಹೇಳುತ್ತೇನೆ. ಮೆಟ್ರೊ ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದವರೆಗೆ ಹೋಗುತ್ತಿದೆ. ಆ ಕೊನೆಯಲ್ಲಿ ಮನೆ ನೋಡಿ. 2025ರ ಫೆಬ್ರುವರಿಯಲ್ಲಿ ದರ ಏರಿದೆ, ನಿಜ, ಆದರೆ ಪೀಣ್ಯಕ್ಕೆ ಕೆಲವೇ ನಿಲ್ದಾಣ.

ಬೆಳ್ಳಂದೂರಿನಿಂದ, ಡೆಲಿವರಿ ಕೆಲಸ:

ನಾನು ಸೇಡಂ ತಾಲ್ಲೂಕಿನವನು, ಬಿ.ಎ. ಆಗಿದೆ. ನಂಜುಂಡಪ್ಪ ವರದಿ 2002ರಲ್ಲಿ ಹಿಂದುಳಿದ ತಾಲ್ಲೂಕು ಎಂದು 114ನ್ನು ಪಟ್ಟಿ ಮಾಡಿತಲ್ಲ, ನಮ್ಮ ಭಾಗದವರು ಅದನ್ನು ಓದುತ್ತ ಓದುತ್ತಲೇ ಬೆಂಗಳೂರಿನ ಬಸ್ ಹತ್ತಿದವರು. ಎಲ್ಲರೂ ಬಾಡಿಗೆ ಹೇಳಿದರು, ನಾನು ನೀರು ಹೇಳುತ್ತೇನೆ.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಬೆಳ್ಳಂದೂರೂ ಒಂದು. ಆ ಹಳ್ಳಿಗಳಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಹದಿನೇಳು ವರ್ಷ ಇಲ್ಲಿಯ ಜನ ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲೇ ಬದುಕಿದರು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ದರ ಕಟ್ಟಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ ನೂರು. ಆಗ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕಾವೇರಿ ನಲ್ಲಿ ಇದ್ದ ಮನೆಗೆ ಕಡಿಮೆ ಬಳಕೆಯ ಮೊದಲ ಸ್ಲ್ಯಾಬಿನ ದರ ಸಾವಿರ ಲೀಟರಿಗೆ ಏಳು ರೂಪಾಯಿ. ನಾವಿದ್ದ ಶೀಟಿನ ಮನೆಗಳ ಸಾಲಿನಲ್ಲಿ ಹದಿನಾಲ್ಕು ಕುಟುಂಬಕ್ಕೆ ಒಂದು ಸಿಂಟೆಕ್ಸ್. ಬೆಳಗ್ಗೆ ಆರಕ್ಕೆ ಮುಚ್ಚಳ ತೆಗೆದರೆ ಏಳಕ್ಕೆ ಖಾಲಿ. ಎದುರಿನ ಅಪಾರ್ಟ್‌ಮೆಂಟಿನ ಈಜುಕೊಳವನ್ನು ನಾನು ನೋಡಿದ್ದು ಊಟದ ಪೊಟ್ಟಣ ಕೊಡಲು ಹೋದಾಗ.

ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ. ಕೈಯಲ್ಲಿ ಕಸುಬು ಇರುವವರು ಬೇಸರವಾಯಿತೆಂದು ಬೈಕಿನ ಕೆಲಸಕ್ಕೆ ಬರಬಾರದು. ಮೊದಲ ಮೂರು ತಿಂಗಳು ಕಾರ್ಖಾನೆಗಿಂತ ಹೆಚ್ಚು ಸಿಗುತ್ತದೆ. ಆಮೇಲೆ ಟಯರ್, ಚೈನ್, ಬೆನ್ನು. 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗೆಂದು ಕಾಯ್ದೆ ತಂದಿದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಶೇಕಡಾ 1ರಿಂದ 5ರವರೆಗೆ ಕಂಪನಿಗಳ ಮೇಲೆ ಕಲ್ಯಾಣ ಶುಲ್ಕ ಹಾಕಬಹುದು. ಒಳ್ಳೆಯದೇ. ಆದರೆ ಐದು ವರ್ಷ ಓಡಿಸಿದ ಮೇಲೂ ನಾನು ಮೊದಲ ದಿನದ ಡೆಲಿವರಿ ಹುಡುಗನೇ. ಈ ಕೆಲಸದಲ್ಲಿ ಸೆಟ್ಟರ್ ಎನ್ನುವ ಹುದ್ದೆ ಇಲ್ಲ.

ಹಾವೇರಿಯಿಂದ, ಮರಳಿ ಬಂದವರು:

ಆರು ವರ್ಷ ಇದ್ದು ಬಂದೆವು. ಉಳಿಸಿದ್ದು ಒಂದೂಮುಕ್ಕಾಲು ಲಕ್ಷ, ಅದರಲ್ಲಿ ಅಡ್ವಾನ್ಸಿನದೇ 70 ಸಾವಿರ. ಅದರಲ್ಲೂ ಬಣ್ಣದ ಖರ್ಚೆಂದು ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಮಗ ಮಾತ್ರ ಅಲ್ಲಿ ಕಲಿತ ಧೈರ್ಯದಲ್ಲಿ ಇಲ್ಲಿ ಎ.ಸಿ. ರಿಪೇರಿ ಅಂಗಡಿ ಹಾಕಿದ್ದಾನೆ. ಹೋಗಿದ್ದು ತಪ್ಪೆಂದು ಹೇಳಲಾರೆ, ಇನ್ನೂ ಎರಡು ವರ್ಷ ಮೊದಲೇ ಬರಬೇಕಾಗಿತ್ತು.

ರಾಣೆಬೆನ್ನೂರಿನಿಂದ ಮತ್ತೆ:

ಎಲ್ಲರಿಗೂ ಕೈಮುಗಿದೆ. ಲಗ್ಗೆರೆಯ ಅಣ್ಣ ಹೇಳಿದಂತೆ ಗೆಳೆಯರಿಗೆ ಫೋನು ಮಾಡಿಸಿ ಬಿಡಿಸಿ ಕೇಳಿದೆವು. 26 ಸಾವಿರ ಎನ್ನುವುದು ಹನ್ನೆರಡು ಗಂಟೆಗೆ. ಎಂಟು ಗಂಟೆಯ ಸಂಬಳ ಹದಿನೆಂಟೂವರೆ, ಉಳಿದದ್ದು ಓಟಿ. ಕಂಟ್ರಾಕ್ಟರ್ ಮೂಲಕ, ಪಿ.ಎಫ್., ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಇದೆಯಂತೆ. ರಾತ್ರಿ ಮನೆಯವರು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದರು. ತಿಂಗಳಿಗೆ 26 ದಿನ ಎಂದರೆ ಇಲ್ಲಿ ಗಂಟೆಗೆ 81 ರೂಪಾಯಿ ಚಿಲ್ಲರೆ, ಅಲ್ಲಿ 83 ಚಿಲ್ಲರೆ. ‘ಒಂದೂವರೆ ರೂಪಾಯಿಗೆ ಊರು ಬಿಡುವುದೇ’ ಎಂದು ನಕ್ಕರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಲಗ್ಗೆರೆಯಿಂದ:

ಗಮನಿಸಿ ತಂಗಿ, ಓಟಿಗೆ ದುಪ್ಪಟ್ಟು ದರ ಕೊಡಬೇಕು ಎನ್ನುವುದು ಕಾನೂನು. ಹದಿನೆಂಟೂವರೆಯ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಗಂಟೆಯ ಓಟಿಗೇ ತಿಂಗಳಿಗೆ ಹದಿನೆಂಟೂವರೆ ಸಾವಿರ ಆಗಬೇಕು. ಅವರು ಕೊಡುತ್ತಿರುವುದು ಏಳೂವರೆ.

ಆದರೆ ಇ.ಎಸ್.ಐ. ವಿಷಯವನ್ನು ಹಗುರವಾಗಿ ನೋಡಬೇಡಿ. ಸಂಬಳದ ಮಿತಿ 21 ಸಾವಿರ, ಆ ಮಿತಿಗೆ ಓಟಿ ಲೆಕ್ಕವಿಲ್ಲ. ಹಾಗಾಗಿ ಹದಿನೆಂಟೂವರೆಯವರು ಒಳಗೆ ಬರುತ್ತಾರೆ. 22 ಸಾವಿರದ ಮೂಲ ಸಂಬಳದವರು ಹೊರಗೆ. ನಿಮ್ಮವರ ಪಾಲು ಶೇಕಡಾ ಮುಕ್ಕಾಲು ಮಾತ್ರ. ಅವಲಂಬಿತ ತಾಯಿಯ ಹೆಸರನ್ನೂ ಸೇರಿಸಬಹುದು. ನಿಮ್ಮ ಅತ್ತೆಯ ಸಕ್ಕರೆ ಮಾತ್ರೆ, ರಕ್ತಪರೀಕ್ಷೆ ಎಲ್ಲ ಅದರಲ್ಲಿ ಆಗುತ್ತದೆ. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇ.ಎಸ್.ಐ. ಆಸ್ಪತ್ರೆ ಇದೆ. ಈಗಿನ ವರ್ಕ್‌ಶಾಪಿನಲ್ಲಿ ಹತ್ತು ಜನರಿಗಿಂತ ಕಡಿಮೆ ಇದ್ದರೆ ಅಲ್ಲಿ ಅದು ಇರಲಾರದು.

ನನ್ನ ಮಾತು ಕೇಳುವುದಾದರೆ ಮನೆ ಖಾಲಿ ಮಾಡಬೇಡಿ. ಅವರು ಒಬ್ಬರೇ ಬರಲಿ, ಮೂರು ತಿಂಗಳು ನನ್ನ ರೂಮಿನ ಹಳೆಯ ಹುಡುಗರ ಜೊತೆ ಇರಲಿ, ಬಾಡಿಗೆ ತಲೆಗೆ ಎರಡೂವರೆ ಸಾವಿರ. ಹನ್ನೆರಡು ಗಂಟೆ ಒಪ್ಪಿಕೊಳ್ಳದೆ ಎಂಟಕ್ಕೆ ಎಲ್ಲಿ ಸಿಗುತ್ತದೆ ಎಂದು ಶೆಡ್ ಶೆಡ್ ತಿರುಗಿ ಕೇಳಲಿ. ಸಿ.ಎನ್.ಸಿ. ಗೊತ್ತಿರುವವರಿಗೆ ಗೇಟಿನಲ್ಲೇ ಬೋರ್ಡು ನೇತುಹಾಕಿರುತ್ತಾರೆ.

ರಾಣೆಬೆನ್ನೂರಿನಿಂದ:

ವರ್ಕ್‌ಶಾಪಿನಲ್ಲಿ ಆರೇ ಜನ ಅಣ್ಣ, ಇ.ಎಸ್.ಐ. ಇಲ್ಲ. ಬರುವ ರವಿವಾರ ರಾತ್ರಿಯ ರೈಲಿಗೆ ಹೊರಡುತ್ತಾರೆ, ಯಶವಂತಪುರದಲ್ಲಿ ಇಳಿಯುತ್ತಾರೆ. ಸದ್ಯಕ್ಕೆ ನಾನು, ಮಗಳು, ಅತ್ತೆ ಇಲ್ಲೇ. ಟೊಮೆಟೊ ಕ್ರಾಸಿಂಗ್ ಇನ್ನೂ ಒಂದು ತಿಂಗಳು ಇದೆ. ಅತ್ತೆ ಈಗಾಗಲೇ ರೊಟ್ಟಿ ಬಡಿದು ಒಣಗಿಸುತ್ತಿದ್ದಾರೆ, ಹುಡುಗರಿಗೂ ಸೇರಿಸಿ. ಆ ಎರಡೂವರೆ ಸಾವಿರದಲ್ಲಿ ನೀರು, ಕರೆಂಟು ಸೇರಿದೆಯೋ, ಬೇರೆ ಕೊಡಬೇಕೋ, ಅದೊಂದು ತಿಳಿಸಿ.